ಸಾಕುಪ್ರಾಣಿಗಳ ಧರ್ಮಾಸ್ಪತ್ರೆ: ಎಲ್ಲಿ ಹುಟ್ಟಿತು, ನಮ್ಮಲ್ಲಿ ಏಕೆ ಬೇರೂರಲಿಲ್ಲ

ಪ್ರಶ್ನೆ: ನಾನು ತುಮಕೂರಿನ ಕ್ಯಾತ್ಸಂದ್ರದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡಿಕೊಂಡಿದ್ದೇನೆ. ನಾವು ಸಾಕಿದ ನಾಟಿ ನಾಯಿಗೆ ಸ್ಕೂಟರ್ ತಗುಲಿ ಹಿಂಗಾಲಿನ ಮೂಳೆ ಮುರಿದಿದೆ. ಖಾಸಗಿ ಕ್ಲಿನಿಕ್ಕೊಂದರಲ್ಲಿ ಆಪರೇಷನ್ನಿಗೆ ಹೇಳಿದ ಮೊತ್ತ ನನ್ನ ಎರಡು ತಿಂಗಳ ದುಡಿಮೆ. ಅಷ್ಟು ನನ್ನಿಂದಾಗದು ಎಂದಾಗ, ಅನುಕೂಲವಿಲ್ಲದವರು ನಾಯಿ ಸಾಕಬಾರದು ಎಂಬ ಮಾತು ಕೇಳಬೇಕಾಯಿತು. ಇಂಗ್ಲೆಂಡಿನಲ್ಲಿ ಬಡವರ ಸಾಕುಪ್ರಾಣಿಗಳಿಗೆಂದೇ ಉಚಿತ ಆಸ್ಪತ್ರೆಗಳಿವೆಯೆಂದು ಮಗಳು ಓದಿ ಹೇಳಿದಳು. ಅದು ನಿಜವೇ? ಹೇಗೆ ಶುರುವಾಯಿತು? ನಮ್ಮಲ್ಲಿ ಏಕೆ ಇಲ್ಲ? ನಮ್ಮ ಪಶು ಆಸ್ಪತ್ರೆ ದನಕರುಗಳಿಗೆ ಮಾತ್ರವೇ?

ಉತ್ತರ: ಇತಿಹಾಸಕ್ಕೆ ಹೋಗುವ ಮೊದಲು ನಾಯಿಯ ಕಾಲಿನ ವಿಚಾರ ಹೇಳಿಬಿಡುತ್ತೇನೆ, ಅದು ಕಾಯುವಂಥದ್ದಲ್ಲ. ನಾಯಿಯನ್ನು ಓಡಾಡಲು, ಮೆಟ್ಟಿಲು ಹತ್ತಿಳಿಯಲು ಬಿಡದೆ ಸಣ್ಣ ಜಾಗದಲ್ಲಿ ಮಲಗಿಸಿಡಿ. ಮನೆಯಲ್ಲಿರುವ ನೋವಿನ ಮಾತ್ರೆಗಳನ್ನು ಯಾವ ಕಾರಣಕ್ಕೂ ಕೊಡಬೇಡಿ. ಮನುಷ್ಯರಿಗೆ ಸಲೀಸಾಗಿ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸಬಲ್ಲವು, ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು. ನಮ್ಮ ಕಡೆಯವರಿಗೆ ಪುತ್ತೂರು ಕಟ್ಟಿನ ಮೇಲೆ ಇರುವ ನಂಬಿಕೆ ನನಗೆ ಗೊತ್ತು. ಆದರೆ ನಾಯಿಯ ಕಾಲಿಗೆ ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟ ನಿಂತು ಪಾದವೇ ಕೊಳೆಯುವುದನ್ನು ನಾನು ಪಶುವೈದ್ಯ ಸೇವೆಯಲ್ಲಿದ್ದಾಗ ಹಲವು ಬಾರಿ ಕಂಡಿದ್ದೇನೆ. ಮೊದಲು ಜಿಲ್ಲಾ ಕೇಂದ್ರದ ಸರ್ಕಾರಿ ಪಶು ಆಸ್ಪತ್ರೆಗೆ ತೋರಿಸಿ. ಮುರಿದ ಮೂಳೆಗೆಲ್ಲ ಆಪರೇಷನ್ ಬೇಕೆಂದಿಲ್ಲ. ಕೆಲವು ಬರಿಯ ಕಟ್ಟಿನಿಂದ ಕೂಡಿಕೊಳ್ಳುತ್ತವೆ, ಸೊಂಟದ ಮೂಳೆಯ ಕೆಲವು ಬಿರುಕುಗಳು ಕೆಲವು ವಾರಗಳ ವಿಶ್ರಾಂತಿಯಿಂದಲೇ ವಾಸಿಯಾಗುತ್ತವೆ. ಎಕ್ಸ್‌ರೇ ಮತ್ತು ಶಸ್ತ್ರಚಿಕಿತ್ಸೆ ಬೇಕೇಬೇಕು ಎಂದಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ಅದು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಆಸ್ಪತ್ರೆಯಾದ್ದರಿಂದ ಅಲ್ಲಿಯ ಶುಲ್ಕ ಖಾಸಗಿಯವರಿಗಿಂತ ತುಂಬ ಕಡಿಮೆ. ಕಾಲು ಉಳಿಯದಿದ್ದರೂ ನಾಯಿ ಉಳಿಯುತ್ತದೆ, ಮೂರು ಕಾಲಿನ ಮೇಲೆ ನೆಮ್ಮದಿಯಾಗಿ ಬದುಕುವ ನಾಯಿಗಳು ಬೇಕಾದಷ್ಟಿವೆ.

ಇನ್ನು ನಿಮ್ಮ ಮನಸ್ಸಿಗೆ ನೋವಾದ ಆ ಮಾತಿಗೆ ಬರುತ್ತೇನೆ. ಅನುಕೂಲವಿಲ್ಲದವರು ನಾಯಿ ಸಾಕಬಾರದು ಎಂಬುದು ಇಂದಿನ ಮಾತಲ್ಲ. 1796ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ನಾಯಿಗಳ ಮೇಲೆ ತೆರಿಗೆ ಹಾಕುವ ಪ್ರಸ್ತಾಪವನ್ನು ಜಾನ್ ಡೆಂಟ್ ಎಂಬ ಸದಸ್ಯರು ತಂದರು. ಬಡವರು ಸಾಕುವ ನಾಯಿಗಳು ಮನುಷ್ಯರ ಆಹಾರ ತಿಂದು ಹಾಳುಮಾಡುತ್ತವೆ, ಹುಚ್ಚುನಾಯಿ ರೋಗ ಹರಡುತ್ತವೆ, ಆದ್ದರಿಂದ ಅವುಗಳ ಸಂಖ್ಯೆ ತಗ್ಗಬೇಕು ಎಂಬುದು ಆ ಕಡೆಯವರ ವಾದದ ಸಾರ. ವಿಲಿಯಂ ವಿಂಡಮ್ ಎಂಬ ಇನ್ನೊಬ್ಬ ಸದಸ್ಯರು ಅದನ್ನು ವಿರೋಧಿಸಿ, ಬಡವನಿಗೆ ತನ್ನ ನಾಯಿಯ ಮೇಲಿರುವ ಪ್ರೀತಿಯ ಪರವಾಗಿ ಮಾತನಾಡಿದರು. ತೆರಿಗೆ ಜಾರಿಗೆ ಬಂತು, ಮುಂದೆ ಅದು ವಾರ್ಷಿಕ ಪರವಾನಗಿಯ ರೂಪ ಪಡೆದು 1980ರ ದಶಕದವರೆಗೂ ಉಳಿಯಿತು. ಪ್ರಾಣಿಯ ಒಡನಾಟ ಉಳ್ಳವರಿಗೆ ಮಾತ್ರ ಸಲ್ಲಬೇಕಾದ ಭೋಗವೇ ಅಥವಾ ಮನುಷ್ಯನಾದವನಿಗೆಲ್ಲ ಸಹಜವಾದ ಸಂಬಂಧವೇ ಎಂಬ ಆ ದಿನದ ಪ್ರಶ್ನೆಯೇ ನೀವು ಕೇಳಿಸಿಕೊಂಡ ಮಾತಿನ ಒಳಗೂ ಇದೆ. ಧರ್ಮಾರ್ಥ ಪ್ರಾಣಿಚಿಕಿತ್ಸೆಯ ಇತಿಹಾಸವೆಲ್ಲ ಈ ಪ್ರಶ್ನೆಗೆ ಬೇರೆ ಬೇರೆ ಕಾಲದ ಜನ ಕೊಟ್ಟ ಉತ್ತರವೆಂದು ನಾನು ಓದಿಕೊಂಡಿದ್ದೇನೆ.

ಪಶುವೈದ್ಯ ವಿದ್ಯೆ ಸಂಸ್ಥೆಯ ರೂಪ ಪಡೆದಾಗ ಅದರ ಕಣ್ಣ ಮುಂದೆ ನಾಯಿ, ಬೆಕ್ಕು ಇರಲೇ ಇಲ್ಲ. 1762ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಲೋಡ್ ಬೂರ್ಜೆಲಾ ತೆರೆದ ಮೊದಲ ಪಶುವೈದ್ಯ ಶಾಲೆಯ ಹಿಂದೆ ಇದ್ದದ್ದು ಯೂರೋಪಿನ ದನಗಳನ್ನು ಲಕ್ಷಗಟ್ಟಲೆ ಕೊಂದ ಪಿಡುಗು, ಅಂದರೆ ನಮ್ಮ ರೈತರು ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ರೋಗ. 1791ರಲ್ಲಿ ಲಂಡನ್ನಿನ ಕಾಲೇಜು ಹುಟ್ಟಿದಾಗ ಅದರ ಮುಖ್ಯ ಲಕ್ಷ್ಯ ಕುದುರೆ. ಸೈನ್ಯಕ್ಕೆ ಕುದುರೆ ಬೇಕು, ಸಾರಿಗೆಗೆ ಕುದುರೆ ಬೇಕು, ಸಿರಿವಂತರ ಸಾರೋಟಿಗೂ ಕುದುರೆಯೇ ಬೇಕು. ಬೆಲೆಬಾಳುವ ಪ್ರಾಣಿಗೆ ವೈದ್ಯ, ಬೆಲೆಯಿಲ್ಲದ ಪ್ರಾಣಿಗೆ ಅದರ ಹಣೆಬರಹ ಎಂಬುದು ಬಹುಕಾಲ ನಡೆದ ರೀತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೌರ್ಯದ ವಿರುದ್ಧ ಕಾನೂನು ಬಂತು. 1822ರಲ್ಲಿ ಬ್ರಿಟನ್ನಿನಲ್ಲಿ ದನ, ಕುದುರೆಗಳ ಹಿಂಸೆಯನ್ನು ತಡೆಯುವ ಕಾಯ್ದೆಯಾಯಿತು, 1824ರಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘ ಸ್ಥಾಪನೆಯಾಯಿತು. ಆದರೆ ಆ ಕಾಯ್ದೆ ಮತ್ತು ಸಂಘಗಳ ದೃಷ್ಟಿ ಹೊಡೆಯುವವನ ಮೇಲಿತ್ತು, ಮೊಕದ್ದಮೆ ಹೂಡಿ ದಂಡ ಹಾಕಿಸುವುದು ಅವುಗಳ ಮುಖ್ಯ ಕೆಲಸವಾಗಿತ್ತು. ಕುಂಟುವ ಕತ್ತೆಯನ್ನು ಗಾಡಿಗೆ ಕಟ್ಟಿದ ತರಕಾರಿ ಮಾರುವವನಿಗೆ ದಂಡ ಬೀಳುತ್ತಿತ್ತು, ಅವನ ಕತ್ತೆಯ ಕಾಲಿಗೆ ಔಷಧಿ ಹಚ್ಚುವವರು ಮಾತ್ರ ಸಿಗುತ್ತಿರಲಿಲ್ಲ.

ಔಷಧಿ ಹಚ್ಚಲು ಮುಂದೆ ಬಂದವರಲ್ಲಿ ಎರಡು ಸಂಸ್ಥೆಗಳನ್ನು ಹೇಳಲೇಬೇಕು. 1897ರಲ್ಲಿ ಲಂಡನ್ನಿನಲ್ಲಿ ‘ಅವರ್ ಡಂಬ್ ಫ್ರೆಂಡ್ಸ್ ಲೀಗ್’ ಎಂಬ ಸಂಘ ಹುಟ್ಟಿತು. ಬೀದಿಯಲ್ಲಿ ದುಡಿಯುವ ಕುದುರೆಗಳ ಕಷ್ಟ ನೋಡಿ ಹುಟ್ಟಿದ ಈ ಸಂಘ 1906ರಲ್ಲಿ ವಿಕ್ಟೋರಿಯಾ ಪ್ರದೇಶದಲ್ಲಿ, ವೈದ್ಯರಿಗೆ ಹಣ ಕೊಡಲಾರದವರ ಪ್ರಾಣಿಗಳಿಗೆಂದೇ ಆಸ್ಪತ್ರೆ ತೆರೆಯಿತು. ಮುಂದೆ ಬ್ಲೂ ಕ್ರಾಸ್ ಎಂದು ಹೆಸರಾದ ಸಂಸ್ಥೆ ಇದೇ.

ಎರಡನೆಯದು ನಿಮ್ಮ ಮಗಳು ಓದಿರಬಹುದಾದ ಪಿ.ಡಿ.ಎಸ್.ಎ., ಅಂದರೆ ‘ಪೀಪಲ್ಸ್ ಡಿಸ್ಪೆನ್ಸರಿ ಫಾರ್ ಸಿಕ್ ಅನಿಮಲ್ಸ್’. ಇದನ್ನು ಕಟ್ಟಿದ ಮರಿಯಾ ಡಿಕಿನ್ (1870–1951) ವೈದ್ಯೆಯಲ್ಲ. ಕ್ರೈಸ್ತ ಬೋಧಕರೊಬ್ಬರ ಮಗಳಾದ ಆಕೆ ಲಂಡನ್ನಿನ ಪೂರ್ವ ಭಾಗದ ಬಡ ಕೇರಿಗಳಿಗೆ ಸಮಾಜಸೇವೆಗೆಂದು ಹೋಗುತ್ತಿದ್ದರು. ಹೋದದ್ದು ಮನುಷ್ಯರನ್ನು ನೋಡಲು. ಆದರೆ ಪ್ರತಿ ಮನೆಯಲ್ಲೂ ಮನುಷ್ಯರ ಜೊತೆಗೇ ಕಜ್ಜಿ ಹಿಡಿದ ನಾಯಿ, ಕಣ್ಣು ಕೆಟ್ಟ ಬೆಕ್ಕು, ಕಾಲು ಎಳೆಯುವ ಮೇಕೆ, ಬೆನ್ನಿನ ಮೇಲೆ ಹುಣ್ಣಾದ ಕತ್ತೆ ಕಾಣಿಸಿಕೊಂಡವು. ಅವುಗಳ ಒಡೆಯರು ಕ್ರೂರಿಗಳಲ್ಲ, ಕೈಯಲ್ಲಿ ಕಾಸಿಲ್ಲದವರು ಎಂಬುದು ಆಕೆ ಅಲ್ಲಿ ಕಂಡುಕೊಂಡ ಸಂಗತಿ. ಕಾನೂನಿನ ಕಣ್ಣಿಗೆ ಅಪರಾಧವಾಗಿ ಕಂಡದ್ದು ಆಕೆಯ ಕಣ್ಣಿಗೆ ಬಡತನವಾಗಿ ಕಂಡಿತು. ಈ ಇತಿಹಾಸದ ನಿಜವಾದ ತಿರುವು ಇಲ್ಲಿದೆಯೆಂಬುದು ನನ್ನ ಅಭಿಪ್ರಾಯ, ಕಟ್ಟಡಗಳೂ ಔಷಧಿಗಳೂ ಆಮೇಲಿನವು.

ಮೊದಲ ಮಹಾಯುದ್ಧ ನಡೆಯುತ್ತಿದ್ದ 1917ರ ನವೆಂಬರ್ 17ರಂದು ವೈಟ್‌ಚಾಪೆಲ್‌ನ ನೆಲಮಾಳಿಗೆಯೊಂದರಲ್ಲಿ ಆಕೆಯ ಚಿಕಿತ್ಸಾಲಯ ತೆರೆಯಿತು. ನಿಮ್ಮ ಕಾಯಿಲೆಯ ಪ್ರಾಣಿಗಳನ್ನು ತನ್ನಿ, ಅವು ನರಳಲು ಬಿಡಬೇಡಿ, ಎಲ್ಲ ಪ್ರಾಣಿಗಳಿಗೂ ಚಿಕಿತ್ಸೆ ಉಂಟು, ಎಲ್ಲವೂ ಉಚಿತ ಎಂಬ ಅರ್ಥದ ಫಲಕವನ್ನು ಬಾಗಿಲಿಗೆ ಹಾಕಿದ್ದರು. ಬಂದವರ ಸಂಖ್ಯೆ ಹೆಚ್ಚಿ ಬೇಗನೆ ದೊಡ್ಡ ಜಾಗ ಹುಡುಕಬೇಕಾಯಿತು. ಆಸ್ಪತ್ರೆಯವರೆಗೆ ಬರಲಾರದವರಿಗಾಗಿ ಕೆಲವೇ ವರ್ಷಗಳಲ್ಲಿ ಕುದುರೆ ಎಳೆಯುವ ಸಂಚಾರಿ ಚಿಕಿತ್ಸಾ ಗಾಡಿ ಸಿದ್ಧವಾಯಿತು, ಆಮೇಲೆ ಅಂಥ ಗಾಡಿಗಳು ಊರೂರಿಗೆ ಹೊರಟವು. 1928ರಲ್ಲಿ ಇಲ್ಫರ್ಡ್‌ನಲ್ಲಿ ಒಳರೋಗಿಗಳ ಆಸ್ಪತ್ರೆ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಪ್ರಾಣಿಗಳಿಗೆ 1943ರಿಂದ ಕೊಡಲಾದ ಡಿಕಿನ್ ಪದಕ ಆಕೆಯ ಹೆಸರಿನದೇ. 1949ರವರೆಗೆ ಕೊಟ್ಟ 54 ಪದಕಗಳಲ್ಲಿ 32 ಪಾರಿವಾಳಗಳಿಗೆ, 18 ನಾಯಿಗಳಿಗೆ, 3 ಕುದುರೆಗಳಿಗೆ, 1 ಬೆಕ್ಕಿಗೆ ಸಂದವು. ಜನರಿಗೆ ಈಗ ನೆನಪಿರುವುದು ಹೆಚ್ಚಾಗಿ ಈ ಪದಕವೇ. ನನಗೆ ಮಾತ್ರ ಆ ನೆಲಮಾಳಿಗೆಯ ಫಲಕವೇ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಪ್ರಾಣಿಯ ಜಾತಿ, ತಳಿ, ಬೆಲೆ ಯಾವುದನ್ನೂ ಅದು ಕೇಳಲಿಲ್ಲ.

ಈ ಕೆಲಸವನ್ನು ಎಲ್ಲರೂ ಮೆಚ್ಚಿದರೆಂದು ತಿಳಿಯಬೇಡಿ. ಅತಿ ಬಲವಾದ ವಿರೋಧ ಬಂದದ್ದು ಪಶುವೈದ್ಯರಿಂದಲೇ. ಅವರ ದೂರು ಎರಡು. ಪದವಿ ಇಲ್ಲದವರು ರೋಗ ಗುರುತಿಸಿ ಔಷಧಿ ಕೊಡುತ್ತಿದ್ದಾರೆ ಎಂಬುದು ಒಂದು, ಹಣ ಕೊಡಬಲ್ಲವರೂ ಉಚಿತ ಆಸ್ಪತ್ರೆಗೆ ಹೋಗಿ ತಮ್ಮ ಜೀವನಕ್ಕೆ ಕಲ್ಲು ಬೀಳುತ್ತಿದೆ ಎಂಬುದು ಇನ್ನೊಂದು. ಮೊದಲ ದೂರಿನಲ್ಲಿ ಹುರುಳಿತ್ತು. ಡಿಕಿನ್ ಅವರ ಸಂಸ್ಥೆ ತನ್ನ ಕೆಲಸಗಾರರಿಗೆ ತಾನೇ ತರಬೇತಿ ಕೊಟ್ಟು ಚಿಕಿತ್ಸೆಗೆ ಹಚ್ಚಿತ್ತು, ಅವರು ಪಶುವೈದ್ಯ ಕಾಲೇಜಿನಲ್ಲಿ ಓದಿದವರಲ್ಲ. ಆದರೆ ಆ ಕಾಲದ ಪದವೀಧರ ವೈದ್ಯರು ಬಡವರ ಕೇರಿಗಳ ನಾಯಿ, ಬೆಕ್ಕುಗಳನ್ನು ನೋಡಲು ತಾವಾಗಿ ಹೋದದ್ದೂ ಕಡಿಮೆ. ಬಹುಮಟ್ಟಿಗೆ ಖಾಲಿ ಬಿದ್ದಿದ್ದ ಜಾಗದಲ್ಲಿ ಆಕೆ ಕೂತಿದ್ದರು. ಎರಡನೆಯ ದೂರಿನ ಹಿಂದೆ ಕಾಲದ ಬದಲಾವಣೆ ಇತ್ತು. ಮೋಟಾರು ಬಂದು ರಸ್ತೆಯಿಂದ ಕುದುರೆ ಮಾಯವಾಗುತ್ತಿದ್ದಂತೆ, ಕುದುರೆಯನ್ನು ನಂಬಿದ್ದ ನಗರದ ವೈದ್ಯರಿಗೆ ನಾಯಿ, ಬೆಕ್ಕುಗಳೇ ಹೊಸ ಆಧಾರವಾದವು. ಅಲ್ಲಿಯವರೆಗೆ ಅವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಪ್ರಾಣಿಗಳು ಆಗ ಸ್ಪರ್ಧೆಯ ವಸ್ತುವಾದವು.

ಈ ಜಗಳಕ್ಕೆ ಒಂದು ಹದ ಬಂದದ್ದು 1948ರ ಪಶುವೈದ್ಯರ ಕಾಯ್ದೆಯಿಂದ. ನೋಂದಾಯಿತ ವೈದ್ಯರು ಮಾತ್ರ ಚಿಕಿತ್ಸೆ ಮಾಡಬೇಕೆಂದು ಅದು ವಿಧಿಸಿತು. ಜೊತೆಗೆ, ಧರ್ಮಾರ್ಥ ಸಂಸ್ಥೆಗಳಲ್ಲಿ ಅದಾಗಲೇ ಕೆಲಸ ಮಾಡುತ್ತಿದ್ದ ಅನುಭವಿಗಳಿಗೆ ಪರವಾನಗಿ ಕೊಡಲು ಅವಕಾಶವನ್ನೂ ಇಟ್ಟಿತು. ಕ್ರಮೇಣ ಸಂಸ್ಥೆಯೇ ಪದವೀಧರ ವೈದ್ಯರನ್ನು ನೇಮಿಸಿಕೊಂಡಿತು. ಹಣವಿದ್ದವರು ಬರುತ್ತಾರೆ ಎಂಬ ಆಕ್ಷೇಪಕ್ಕೂ ಉತ್ತರ ಸಿಕ್ಕಿತು: ಇಂದು ಅಲ್ಲಿ ಉಚಿತ ಅಥವಾ ಅಗ್ಗದ ಚಿಕಿತ್ಸೆ ಬೇಕಾದವರು ಸರ್ಕಾರದಿಂದ ಕೆಲವು ಬಗೆಯ ನೆರವು ಪಡೆಯುತ್ತಿರುವುದಕ್ಕೆ ದಾಖಲೆ ತೋರಿಸಬೇಕು. ನಮ್ಮ ಬಿ.ಪಿ.ಎಲ್. ಕಾರ್ಡು ತೋರಿಸಿದಂತೆಯೇ ಇದು. ಬ್ರಿಟನ್ನಿನಲ್ಲಿ ಈ ಸಂಸ್ಥೆಯದೇ ನಲವತ್ತಕ್ಕೂ ಹೆಚ್ಚು ಆಸ್ಪತ್ರೆಗಳಿವೆ, ಖರ್ಚಿನ ಬಹುಪಾಲು ಜನರ ದಾನದಿಂದ ಮತ್ತು ಉಯಿಲಿನಲ್ಲಿ ಬರೆದಿಟ್ಟ ಆಸ್ತಿಯಿಂದ ಬರುತ್ತದೆ.

ಆ ಇತಿಹಾಸದ ಕಪ್ಪು ಪುಟವನ್ನೂ ಮುಚ್ಚಿಡಬಾರದು. ನಂಜು ನೀಗುವ ಔಷಧಿಗಳು, ಸುರಕ್ಷಿತ ಅರಿವಳಿಕೆ ಇಲ್ಲದ ಕಾಲದಲ್ಲಿ ಧರ್ಮಾರ್ಥ ಚಿಕಿತ್ಸಾಲಯಗಳು ಮಾಡಿದ ಕೆಲಸದಲ್ಲಿ ನೋವಿಲ್ಲದ ಸಾವು ಕೊಡುವುದೂ ದೊಡ್ಡ ಪಾಲಾಗಿತ್ತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದ ಕೂಡಲೇ ಬಾಂಬಿನ ಭಯ, ಆಹಾರದ ಅಭಾವದ ಭಯಕ್ಕೆ ಸಿಕ್ಕಿ ಲಂಡನ್ನಿನ ಜನ ತಮ್ಮ ನಾಯಿ, ಬೆಕ್ಕುಗಳನ್ನು ತಾವೇ ತಂದು ಒಪ್ಪಿಸಿದರು. ಸಂಸ್ಥೆಗಳು ಬೇಡವೆಂದು ತಿಳಿಹೇಳಿದರೂ ಸಾಲು ಕರಗಲಿಲ್ಲ, ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲಲಾಯಿತು. ಉಚಿತ ಆಸ್ಪತ್ರೆ ಇದ್ದ ಮಾತ್ರಕ್ಕೆ ಪ್ರಾಣಿಯ ಜೀವ ಭದ್ರವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಅಮೆರಿಕದಲ್ಲೂ ಇದೇ ಕಾಲಕ್ಕೆ ಇಂಥ ಆಸ್ಪತ್ರೆಗಳು ಬಂದವು, ಬಾಸ್ಟನ್ನಿನ ಏಂಜೆಲ್ ಸ್ಮಾರಕ ಆಸ್ಪತ್ರೆ 1915ರದು. ದಾರಿ ಬಹುಮಟ್ಟಿಗೆ ಒಂದೇ ಆದ್ದರಿಂದ ಅದನ್ನು ಬೆಳೆಸದೆ ನಮ್ಮ ದೇಶಕ್ಕೆ ಬರುತ್ತೇನೆ.

ನಮ್ಮಲ್ಲಿ ಇಂಥ ದಯೆ ಇರಲಿಲ್ಲವೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಅಶೋಕನ ಎರಡನೆಯ ಬಂಡೆಗಲ್ಲು ಶಾಸನ ಮನುಷ್ಯರ ಚಿಕಿತ್ಸೆ, ಪಶುಗಳ ಚಿಕಿತ್ಸೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಎರಡಕ್ಕೂ ಬೇಕಾದ ಗಿಡಮೂಲಿಕೆಗಳು ಇಲ್ಲದ ಕಡೆ ತರಿಸಿ ನೆಡಿಸಿದ್ದನ್ನು, ಮನುಷ್ಯರಿಗೂ ಪಶುಗಳಿಗೂ ಆಗಲೆಂದು ದಾರಿಯಲ್ಲಿ ಬಾವಿ ತೋಡಿಸಿ ಮರ ಬೆಳೆಸಿದ್ದನ್ನು ದಾಖಲಿಸುತ್ತದೆ. ಈ ಶಾಸನದ ಪ್ರತಿಯೊಂದು ನಮಗೆ ದೂರವಲ್ಲದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೇ ಇದೆ. ಮುದಿ, ಗಾಯಾಳು ಪ್ರಾಣಿಗಳಿಗೆ ಆಸರೆಯಾಗಿ ಜೈನರು ನಡೆಸಿಕೊಂಡು ಬಂದ ಪಾಂಜರಪೋಳಗಳೂ ಹಳೆಯವೇ.

ಮುಂಬಯಿಯ ಕಥೆಯಂತೂ ನಾಯಿಯಿಂದಲೇ ಶುರುವಾಗುತ್ತದೆ. ಬೀದಿನಾಯಿಗಳನ್ನು ಕೊಂದವರಿಗೆ ಇನಾಮು ಕೊಡುವ ಪದ್ಧತಿಯನ್ನು ಕಂಪನಿ ಸರ್ಕಾರ ಇಟ್ಟಿತ್ತು. ಇನಾಮಿನ ಆಸೆಗೆ ಪೊಲೀಸರು ಮನೆಯ ನಾಯಿಗಳಿಗೂ ಕೈ ಹಾಕಿದಾಗ 1832ರ ಜೂನ್ ತಿಂಗಳಲ್ಲಿ ಪಾರಸಿಗಳು ಬೀದಿಗಿಳಿದರು, ಅಂಗಡಿಗಳು ಮುಚ್ಚಿದವು, ಗಲಭೆಯಾಯಿತು. ಅದರ ಬೆನ್ನಿಗೆ, 1834ರಲ್ಲಿ, ಜಮ್ಷೆಟ್ಜಿ ಜೀಜೀಭಾಯ್ ಮತ್ತು ಅಮೀಚಂದ್ ಶಾ ಸೇರಿ ಮುಂಬಯಿ ಪಾಂಜರಪೋಳವನ್ನು ಸ್ಥಾಪಿಸಿದರು. ಕಲ್ಕತ್ತೆಯಲ್ಲಿ 1861ರಲ್ಲಿ, ಮುಂಬಯಿಯಲ್ಲಿ 1874ರಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘಗಳು ಬಂದವು. 1880ರ ದಶಕದಲ್ಲಿ ಪರೇಲಿನಲ್ಲಿ ದಿನ್‌ಷಾ ಪೆಟಿಟ್ ಅವರ ದಾನದಿಂದ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆ ಎದ್ದಿತು, 1886ರಲ್ಲಿ ಮುಂಬಯಿಯ ಪಶುವೈದ್ಯ ಕಾಲೇಜು ಆರಂಭವಾದದ್ದು ಅದರ ಆಶ್ರಯದಲ್ಲಿ. ಅಂದರೆ ಲಂಡನ್ನಿನ ವಿಕ್ಟೋರಿಯಾ ಆಸ್ಪತ್ರೆಗಿಂತ ಇಪ್ಪತ್ತು ವರ್ಷ ಮೊದಲೇ ನಮ್ಮ ದೇಶದಲ್ಲಿ ದಾನದಿಂದ ಕಟ್ಟಿದ ಪ್ರಾಣಿ ಆಸ್ಪತ್ರೆ ಇತ್ತು.

ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪಾಂಜರಪೋಳವಾಗಲಿ ಗೋಶಾಲೆಯಾಗಲಿ ಒಡೆಯನಿಲ್ಲದ ಅಥವಾ ಒಡೆಯ ಬಿಟ್ಟುಕೊಟ್ಟ ಪ್ರಾಣಿಗೆ ಆಸರೆ. ನಿಮ್ಮಂಥವರು ಅಲ್ಲಿಗೆ ಹೋದರೆ ಪ್ರಾಣಿಯನ್ನು ಒಪ್ಪಿಸಿ ಬರಿಗೈಯಲ್ಲಿ ಮರಳಬೇಕು. ಡಿಕಿನ್ ಮಾಡಿದ್ದು ಪ್ರಾಣಿಗೆ ಚಿಕಿತ್ಸೆ ಮಾಡಿ ಅದೇ ಬಡ ಮನೆಗೆ ವಾಪಸು ಕಳಿಸುವ ಕೆಲಸ. ಬಡವನೂ ಪ್ರಾಣಿಯ ಒಡೆಯನಾಗಿ ಉಳಿಯಲು ಯೋಗ್ಯ ಎಂಬ ಒಪ್ಪಿಗೆ ಅದರಲ್ಲಿತ್ತು. ನಮ್ಮ ದಾನಿಗಳ ಔದಾರ್ಯ ದೊಡ್ಡದು, ಅದು ಹೆಚ್ಚಾಗಿ ಹರಿದದ್ದು ಅನಾಥ ಪ್ರಾಣಿಯ ಕಡೆಗೆ. ಬಡ ಒಡೆಯನ ಪ್ರಾಣಿ ನಡುವೆ ಬಿಟ್ಟುಹೋಯಿತು.

ನಮ್ಮ ಮೈಸೂರು ಸೀಮೆಯಲ್ಲಿ ಆದದ್ದು ಇನ್ನೊಂದು ರೀತಿ. ಇಲ್ಲಿ ಪಶುಪಾಲನೆ ಅರಮನೆಯ ಮತ್ತು ಸರ್ಕಾರದ ಕೆಲಸವಾಗಿ ಬೆಳೆಯಿತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ದನಗಳ ಇಲಾಖೆಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ತಳಿಯ ಎತ್ತುಗಳು ಸೈನ್ಯದ ಫಿರಂಗಿ, ಸಾಮಾನು ಎಳೆಯುತ್ತಿದ್ದವು. ಅಮೃತಮಹಲ್ ತಳಿಯ ಕೇಂದ್ರವೊಂದು ನಿಮ್ಮ ಜಿಲ್ಲೆಯಲ್ಲೇ, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಈಗಲೂ ಇದೆ. 1925ರಲ್ಲಿ ಬೆಂಗಳೂರಿನಲ್ಲಿ, ಜಾನುವಾರು ರೋಗಗಳಿಗೆ ಮದ್ದು ತಯಾರಿಸುವ ಮೈಸೂರು ಸೀರಂ ಸಂಸ್ಥೆ ಸ್ಥಾಪನೆಯಾಯಿತು. ಲಿಯೋನ್ ಶಾಲೆಯನ್ನು ಹುಟ್ಟಿಸಿದ ಅದೇ ದೊಡ್ಡರೋಗ ಇಲ್ಲೂ ಕೊಟ್ಟಿಗೆಗಳನ್ನು ಖಾಲಿ ಮಾಡುತ್ತಿತ್ತು. ರಂಜಾನ್, ಸಂಕ್ರಾಂತಿ ಎನ್ನದೆ ಹಳ್ಳಿಹಳ್ಳಿ ಸುತ್ತಿ ಲಸಿಕೆ ಹಾಕಿದ ಪಶುವೈದ್ಯ ಸಿಬ್ಬಂದಿಯ ದುಡಿಮೆಯಿಂದ ಭಾರತ 2006ರಲ್ಲಿ ಆ ರೋಗದಿಂದ ಮುಕ್ತವೆನಿಸಿತು, 2011ರಲ್ಲಿ ಜಗತ್ತೇ ಮುಕ್ತವಾಯಿತು. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಇಂದು ಸಾವಿರಾರು ರಾಸುಗಳು ಒಟ್ಟಿಗೆ ನಿಲ್ಲುವುದನ್ನು ನೀವು ನೋಡಿರುತ್ತೀರಿ. ದೊಡ್ಡರೋಗದ ದಿನಗಳಲ್ಲಿ ಅಂಥ ಜಾತ್ರೆಯಿಂದಲೇ ರೋಗ ಊರೂರಿಗೆ ಹಂಚಿಹೋಗುವ ಅಪಾಯವಿತ್ತು.

ಹೀಗಾಗಿ ನಮ್ಮ ರಾಜ್ಯದಲ್ಲಿ ಬಡ ರೈತನ ಹಸುವಿಗೆ ಬಹುಮಟ್ಟಿಗೆ ಉಚಿತ ಚಿಕಿತ್ಸೆ ಸಿಗುವ ವ್ಯವಸ್ಥೆ ಬೆಳೆಯಿತು, ಇದು ಬ್ರಿಟನ್ನಿನಲ್ಲೂ ಇರದ ಸಾಧನೆ. ಇಂಗ್ಲೆಂಡಿನಲ್ಲಿ ದಾನಿಗಳು ಮಾಡಿದ್ದನ್ನು ಇಲ್ಲಿ ಇಲಾಖೆ ಮಾಡಿತು. ಇದರ ಮೇಲೆ ಹಾಲು ಒಕ್ಕೂಟಗಳು ಬಂದವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಡೇರಿಗೆ ಹಾಲು ಹಾಕುವ ಸದಸ್ಯರ ರಾಸುಗಳಿಗೆ ಒಕ್ಕೂಟದ ವೈದ್ಯರು ಸಿಗುತ್ತಾರೆ. 1962 ಸಂಖ್ಯೆಗೆ ಕರೆ ಮಾಡಿದರೆ ಮನೆಬಾಗಿಲಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಗಳೂ ಮುಖ್ಯವಾಗಿ ಜಾನುವಾರುಗಳಿಗಾಗಿಯೇ. ಎಲ್ಲದರ ಹಿಂದಿನ ಲೆಕ್ಕ ಒಂದೇ: ಪ್ರಾಣಿ ಕುಟುಂಬದ ಆದಾಯ, ಅದನ್ನು ಉಳಿಸಿದರೆ ಕುಟುಂಬ ಉಳಿಯುತ್ತದೆ. ಈ ಲೆಕ್ಕ ಸರಿಯಾದದ್ದೇ, ನಾನು ವೃತ್ತಿಜೀವನವನ್ನೆಲ್ಲ ಅದರ ಸೇವೆಯಲ್ಲಿ ಕಳೆದಿದ್ದೇನೆ. ಆದರೆ ನಾಯಿ ಹಾಲು ಕೊಡುವುದಿಲ್ಲ, ನೇಗಿಲು ಎಳೆಯುವುದಿಲ್ಲ. ಹಾಗಾಗಿ ಔಷಧಿಯ ಪಟ್ಟಿ ಮಾಡುವಾಗ, ಎಕ್ಸ್‌ರೇ ಯಂತ್ರ ಎಲ್ಲಿಗೆ ಕೊಡಬೇಕೆಂದು ತೀರ್ಮಾನಿಸುವಾಗ ಅದರ ಹೆಸರು ಕೊನೆಗೆ ಬರುತ್ತದೆ. ಪಶು ಆಸ್ಪತ್ರೆ ದನಕರುಗಳಿಗೆ ಮಾತ್ರವೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ನಿಯಮದ ಪ್ರಕಾರ ಅದು ದನಕರುಗಳಿಗೆ ಮಾತ್ರವಲ್ಲ, ನಾಯಿ, ಬೆಕ್ಕನ್ನೂ ಅಲ್ಲಿ ನೋಡುತ್ತಾರೆ, ನೋಡಬೇಕು. ಆದರೆ ಸಲಕರಣೆ, ಔಷಧಿ, ಸಿಬ್ಬಂದಿ ಮೂರೂ ದನಕರುಗಳನ್ನು ಮನಸ್ಸಿನಲ್ಲಿಟ್ಟು ಒದಗಿಸಿದವು. ಅಲ್ಲಿಯ ವೈದ್ಯರು ನಿಮ್ಮನ್ನು ಬೆಂಗಳೂರಿಗೆ ಕಳಿಸಿದರೆ ಅದನ್ನು ತಾತ್ಸಾರವೆಂದು ತಿಳಿಯಬೇಡಿ.

ಬೆಂಗಳೂರು, ಚೆನ್ನೈಗಳಂಥ ದೊಡ್ಡ ಊರುಗಳಲ್ಲಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಸ್ವಯಂಸೇವಾ ಸಂಸ್ಥೆಗಳು. ಕ್ಯಾಪ್ಟನ್ ವಿ. ಸುಂದರಂ 1959ರಲ್ಲಿ ಚೆನ್ನೈನಲ್ಲಿ ಬ್ಲೂ ಕ್ರಾಸ್ ಆಫ್ ಇಂಡಿಯಾ ಕಟ್ಟಿದರು. ಕ್ರಿಸ್ಟಲ್ ರೋಜರ್ಸ್ ಎಂಬ ಬ್ರಿಟಿಷ್ ಮಹಿಳೆ ದೆಹಲಿ, ಜೈಪುರಗಳಲ್ಲಿ ಪ್ರಾಣಿಸೇವೆ ಮಾಡಿ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಆರಂಭಿಸಿದರು. ಇವರ ಶಕ್ತಿಯ ದೊಡ್ಡ ಪಾಲು ಬೀದಿಯಲ್ಲಿ ಗಾಯಗೊಂಡ ಪ್ರಾಣಿಗಳಿಗೆ ಹೋಗುತ್ತದೆ, ಹೋಗಲೇಬೇಕು. ತುಮಕೂರಿನಂಥ ಜಿಲ್ಲಾ ಕೇಂದ್ರಗಳಿಗೆ ಅದು ಹರಿದು ಬರುವುದು ಕಡಿಮೆ.

ಕಾನೂನಿನಲ್ಲೂ ಇದೇ ಓರೆ ಇದೆ. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆಯ ಪ್ರೇರಣೆಯಿಂದ 1960ರಲ್ಲಿ ಪ್ರಾಣಿಹಿಂಸಾ ನಿವಾರಣ ಕಾಯ್ದೆ ಬಂತು, 1962ರಲ್ಲಿ ಪ್ರಾಣಿಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ಕಾಯ್ದೆಯ 3ನೆಯ ಕಲಮು ಪ್ರಾಣಿಯ ಯೋಗಕ್ಷೇಮಕ್ಕೆ ಅದನ್ನು ಇಟ್ಟುಕೊಂಡವರನ್ನು ಹೊಣೆ ಮಾಡುತ್ತದೆ. 11ನೆಯ ಕಲಮು ಆಹಾರ, ನೀರು, ಆಸರೆ ಕೊಡದಿರುವುದನ್ನೂ ಹಸಿವು ಬಾಯಾರಿಕೆಗೆ ಗುರಿಮಾಡಿ ಬಿಟ್ಟುಬಿಡುವುದನ್ನೂ ಅಪರಾಧವೆನ್ನುತ್ತದೆ. 35ನೆಯ ಕಲಮಿನಲ್ಲಿ ಚಿಕಿತ್ಸಾಲಯಗಳ ಮಾತು ಬರುತ್ತದೆ, ಆದರೆ ಅವು ಅಪರಾಧಕ್ಕೆ ಗುರಿಯಾದ ಪ್ರಾಣಿಗಳಿಗಾಗಿ. ಪ್ರೀತಿಯಿಂದ ಸಾಕಿ, ಹಣವಿಲ್ಲದೆ ಕೈಚೆಲ್ಲಿ ನಿಂತವರ ಬಗ್ಗೆ ಕಾಯ್ದೆ ಸುಮ್ಮನಿದೆ. ಹೊಣೆ ಹೊರಿಸುವ ಕಾನೂನು ಆ ಹೊಣೆಯನ್ನು ನಿಭಾಯಿಸಲು ಒಂದು ಕೈ ಕೊಡಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಬರಿಯ ದಯೆಯ ವಿಷಯವೂ ಅಲ್ಲ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಸುಮಾರು ನೂರಕ್ಕೆ 99 ಪಾಲು ನಾಯಿಗಳಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಣಿ ಕಡಿಯುತ್ತದೆ. ಆ ಎಪ್ಪತ್ತರ ಲೆಕ್ಕ ತುಂಬಬೇಕಾದರೆ ಹೊಲಿಗೆಯವರ, ಕೂಲಿಯವರ, ಸೊಪ್ಪು ಮಾರುವವರ ಮನೆಯ ನಾಯಿಗಳು ಆಸ್ಪತ್ರೆಯ ಬಾಗಿಲಿಗೆ ಬರಲೇಬೇಕು. ನಾಯಿಯ ಕಾಲು ಮುರಿದಾಗ ಅವಮಾನಪಟ್ಟು ಮರಳಿದ ಮನೆಯವರು ಲಸಿಕೆಗೆಂದು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ. ನಾಯಿ ಸಾಕಬೇಡಿ ಎಂದು ಬಡವರಿಗೆ ಹೇಳಿದರೆ ನಾಯಿಗಳು ಕಡಿಮೆಯಾಗುವುದೂ ಇಲ್ಲ. ಒಡೆಯರಿದ್ದ ನಾಯಿ ಒಡೆಯರಿಲ್ಲದ ನಾಯಿಯಾಗುತ್ತದೆ, ಅಷ್ಟೆ.

ನಮ್ಮ ಜಿಲ್ಲೆಗಳಲ್ಲಿ ಏನಾಗಬಹುದು ಎಂಬುದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ. 2001ರ ಕೇಂದ್ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿಹಿಂಸಾ ನಿವಾರಣ ಸಂಘ ಇರಬೇಕು, ಚಿಕಿತ್ಸಾಲಯ ಮತ್ತು ಪ್ರಾಣಿಗಳ ಆಸರೆ ಕಟ್ಟಲು ರಾಜ್ಯ ಸರ್ಕಾರ ಆ ಸಂಘಕ್ಕೆ ಜಾಗ ಒದಗಿಸಬೇಕು, ಚಿಕಿತ್ಸಾಲಯದಲ್ಲಿ ಪೂರ್ಣಾವಧಿ ಪಶುವೈದ್ಯರಿರಬೇಕು. ಆ ಚಿಕಿತ್ಸಾಲಯದಲ್ಲಿ ವಾರಕ್ಕೆ ಒಂದು ದಿನವನ್ನು ಬಿ.ಪಿ.ಎಲ್. ಕಾರ್ಡುದಾರರ ಸಾಕುಪ್ರಾಣಿಗಳಿಗೆ ಮೀಸಲಿಡುವುದು ಕಷ್ಟದ ಕೆಲಸವಲ್ಲ. ಜಿಲ್ಲೆಯ ಖಾಸಗಿ ವೈದ್ಯರು ಸರದಿಯಂತೆ ಬಂದು ಕೂತರೆ, ಮುಂಬಯಿಯ ದಾನಿಗಳಂತೆ ನಮ್ಮ ವರ್ತಕರು ಔಷಧಿಯ ಖರ್ಚು ಹೊತ್ತರೆ, ಇಂಗ್ಲೆಂಡಿನಲ್ಲಿ ಮೂವತ್ತು ವರ್ಷ ನಡೆದ ಜಗಳವನ್ನು ನಾವು ಮೊದಲ ದಿನವೇ ತಪ್ಪಿಸಿಕೊಳ್ಳಬಹುದು.

ಜಿಲ್ಲಾ ಸಂಘಕ್ಕೆ ಜಿಲ್ಲಾಧಿಕಾರಿಗಳು ಮತ್ತು ಪಶುಪಾಲನಾ ಇಲಾಖೆಯ ಉಪನಿರ್ದೇಶಕರ ಮೂಲಕ ಅರ್ಜಿ ಸಲ್ಲಿಸಬಹುದು. ಅರ್ಜಿ ಉದ್ದವಿರಬೇಕಾಗಿಲ್ಲ. ನಿಮ್ಮ ನಾಯಿಗೆ ಆದದ್ದು, ಕೇಳಿದ ಮೊತ್ತ, ನಿಮ್ಮ ತಿಂಗಳ ದುಡಿಮೆ, ಈ ಮೂರನ್ನು ಬರೆದು, ಬೀದಿಯಲ್ಲಿ ಸಾಕುಪ್ರಾಣಿ ಇರುವ ನಾಲ್ಕಾರು ಮನೆಯವರ ಸಹಿ ಹಾಕಿಸಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ಹೆಬ್ಬಾಳಕ್ಕೆ ಹೋಗುವುದಾದರೆ ಹೊರರೋಗಿ ವಿಭಾಗದಲ್ಲಿ ಸಾಲು ಬೆಳೆಯುವ ಮೊದಲು, ಬೆಳಿಗ್ಗೆಯೇ ತಲುಪುವಂತೆ ಹೊರಡಿ. ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ಆ ಬೆಳಿಗ್ಗೆ ನಾಯಿಗೆ ಊಟ ಹಾಕಬೇಡಿ, ನೀರು ಕೊಡಬಹುದು. ಈ ಮೊದಲು ಹಾಕಿಸಿದ ಲಸಿಕೆಯ ಚೀಟಿ ಇದ್ದರೆ ಜೊತೆಯಲ್ಲಿ ಇಟ್ಟುಕೊಳ್ಳಿ.